ಏರುಗಾಳಿಯ ಮೇಲೆ

ಹೈಸ್ಕೂಲಿನಲ್ಲಿ ಸಾಗರ ಪ್ರವಾಹಗಳ ಪಾಠ ಬಂದಾಗಲೆಲ್ಲ ನಾನು ಗೋಡೆಯ ಭೂಪಟದ ಮೇಲೆ ಎರಡು ಜಾಗ ತೋರಿಸುತ್ತಿದ್ದೆ. ಒಂದು ನಮ್ಮ ಕುಂದಾಪುರ, ಇನ್ನೊಂದು ಪೆರು ದೇಶದ ರಾಜಧಾನಿ ಲಿಮಾ. ಭೂಮಧ್ಯರೇಖೆಯಿಂದ ನಾವು ಉತ್ತರಕ್ಕೆ 13 ಡಿಗ್ರಿ ಚಿಲ್ಲರೆ, ಅವರು ದಕ್ಷಿಣಕ್ಕೆ 12. ಇಬ್ಬರಿಗೂ ಪಡುವಣಕ್ಕೆ ಕಡಲು, ಮೂಡಣಕ್ಕೆ ಬೆಟ್ಟಸಾಲು. ಇಬ್ಬರ ಸೂರ್ಯನೂ ಮುಳುಗುವುದು ನೀರಿನಲ್ಲೇ. ಆದರೆ ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ, ಅವರಲ್ಲಿ ಕೊಡೆ ಬಿಡಿಸುವಷ್ಟೂ ಇಲ್ಲ. ಅಂಟಾರ್ಕ್ಟಿಕದ ದಿಕ್ಕಿನಿಂದ ಅವರ ಕರಾವಳಿಗುಂಟ ಬರುವ ಹಂಬೋಲ್ಟ್ ಪ್ರವಾಹ ತಣ್ಣಗಿನದು. ತಣ್ಣೀರಿನ ಮೇಲಿನ ಗಾಳಿ ತಣ್ಣಗೇ ಉಳಿಯುತ್ತದೆ, ಮೇಲೇರುವುದಿಲ್ಲ. ಮೇಲೇರದ ಗಾಳಿ ಮಳೆ ಕೊಡುವುದಿಲ್ಲ. ಇಷ್ಟನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ನೋಟ್ ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಒಬ್ಬಿಬ್ಬರು ಮಾತ್ರ, "ಟೀಚರ್, ಮಳೆ ಇಲ್ದಿದ್ರೆ ಅಲ್ಲಿ ಜನ ಹ್ಯಾಂಗೆ ಬದುಕ್ತ್ರ್?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ನನಗೆ ಬಹಳ ಇಷ್ಟವಾಗುತ್ತಿತ್ತು.

ನಿವೃತ್ತಿಯಾದ ಮೇಲೆ, 2023ರ ಮೇ ತಿಂಗಳ ಕೊನೆಗೆ, ಆ ಊರನ್ನು ಕಣ್ಣಾರೆ ನೋಡುವ ಯೋಗ ಬಂತು. ಅಮೆರಿಕದಲ್ಲಿರುವ ತಂಗಿಯ ಮಗ ತನ್ನ ಅಮ್ಮನಿಗೆ ಮಾಚು ಪಿಚು ತೋರಿಸಬೇಕೆಂದು ಹೊರಟವನು ನನ್ನನ್ನೂ ಜೊತೆಗೆ ಕರೆದ. "ದೊಡ್ಡಮ್ಮ, ಲಿಮಾದಲ್ಲಿ ಇಳಿದೇ ಮುಂದಿನ ವಿಮಾನ ಹಿಡೀಬೇಕು. ಅಲ್ಲಿ ಎರಡು ದಿನ ಇರೋಣ್ವಾ?" ಎಂದು ಅವನು ಫೋನಿನಲ್ಲಿ ಕೇಳಿದಾಗ ನಾನು ಮಾಚು ಪಿಚುವನ್ನೇ ಮರೆತುಬಿಟ್ಟೆ.

ಆ ಊರು ಹಾರಾಟಗಾರನೊಬ್ಬನ ಹೆಸರಿನಿಂದಲೇ ಶುರುವಾಗುತ್ತದೆ. ವಿಮಾನ ನಿಲ್ದಾಣಕ್ಕೆ ಹೋರ್ಹೆ ಚಾವೆಸ್ ಎಂದು ಹೆಸರು. 1910ರಲ್ಲಿ, ವಿಮಾನ ಎಂದರೆ ಮರದ ಚೌಕಟ್ಟು ಮತ್ತು ಬಟ್ಟೆಯಾಗಿದ್ದ ಕಾಲದಲ್ಲಿ, ಸ್ವಿಟ್ಜರ್ಲೆಂಡಿನ ಬ್ರಿಗ್‌ನಿಂದ ಹೊರಟು ಆಲ್ಪ್ಸ್ ಪರ್ವತವನ್ನು ಮೊದಲ ಬಾರಿಗೆ ದಾಟಿದವನು ಅವನು. ಇಟಲಿಯ ದೊಮೊದೊಸ್ಸೊಲಾದಲ್ಲಿ ಇಳಿಯುವಾಗ, ನೆಲ ಕೈಗೆಟಕುವಷ್ಟು ಹತ್ತಿರ ಬಂದಾಗ, ವಿಮಾನ ಮುರಿದು ಬಿತ್ತು. ನಾಲ್ಕು ದಿನ ಬದುಕಿದ್ದು ತೀರಿಕೊಂಡ. ವಯಸ್ಸು 23. ಪ್ಯಾರಿಸ್‌ನಲ್ಲಿ ಹುಟ್ಟಿದ ಪೆರುವಿನ ಹುಡುಗ. ಮರುದಿನವೇ ನಾನೂ ಬಟ್ಟೆಯ ರೆಕ್ಕೆಗೆ ತೂಗಿಕೊಳ್ಳುತ್ತೇನೆಂದು ಆಗ ಅಂದುಕೊಂಡಿರಲಿಲ್ಲ.

ಬೆಳಿಗ್ಗೆ ಹೋಟೆಲಿನ ಕಿಟಕಿಯಿಂದ ಮೊದಲು ಕಣ್ಣಿಗೆ ಬಿದ್ದದ್ದು ಮಾಡುಗಳು. ಇಳಿಜಾರು ಮಾಡು ಒಂದೂ ಇಲ್ಲ. ಹಂಚಿಲ್ಲ, ದೋಣಿ ಇಲ್ಲ, ನೀರು ಇಳಿಯುವ ಪೈಪಿಲ್ಲ. ಎಲ್ಲವೂ ಚಪ್ಪಟೆ, ಎಲ್ಲದರ ಮೇಲೂ ಬೂದುಬಣ್ಣದ ಧೂಳು, ಅದನ್ನು ತೊಳೆಯುವ ಮಳೆ ಬರುವುದೇ ಇಲ್ಲ. ಕುಂದಾಪುರದ ಕಡೆ ಮನೆ ಕಟ್ಟುವಾಗ ಮೊದಲ ಯೋಚನೆ ಮಾಡಿನದು. ಮಾಡಿನ ಓರೆ ಎಷ್ಟಿರಬೇಕು, ನೀರು ಎತ್ತ ಬೀಳಬೇಕು, ಜಗಲಿಗೆ ಎರಚಲು ಹೊಡೆಯದ ಹಾಗೆ ಎಷ್ಟು ಮುಂಚಾಚಬೇಕು ಎನ್ನುವ ಲೆಕ್ಕ. ಲಿಮಾದವರಿಗೆ ಆ ಲೆಕ್ಕವೇ ಬೇಕಿಲ್ಲ. ಮಿರಾಫ್ಲೋರೆಸ್ ಬಡಾವಣೆಯ ನಡುವೆ ವಾಕಾ ಪುಕ್ಯಾನಾ ಎಂಬ ಮಣ್ಣಿನ ದೇವಸ್ಥಾನವಿದೆ, ಮೆಟ್ಟಿಲು ಮೆಟ್ಟಿಲಾಗಿ ಏರಿದ ದೊಡ್ಡ ದಿಬ್ಬ. ಸುಡದ ಹಸಿ ಇಟ್ಟಿಗೆಗಳನ್ನು ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ನೆಟ್ಟಗೆ ನಿಲ್ಲಿಸಿ ಕಟ್ಟಿದ್ದಾರೆ. ನಡುವೆ ಬಿಟ್ಟ ಸಂದುಗಳು ಭೂಕಂಪದ ಕುಲುಕನ್ನು ತಾಳಿಕೊಳ್ಳುತ್ತವಂತೆ. ಕಟ್ಟಿ ಸುಮಾರು ಸಾವಿರದ ಐನೂರು ವರ್ಷ. ನಮ್ಮೂರಲ್ಲಾಗಿದ್ದರೆ ಆ ಮಣ್ಣಿನ ಗೋಡೆ ಎರಡು ಆಟಿ ತಿಂಗಳಿಗೆ ಗದ್ದೆ ಸೇರುತ್ತಿತ್ತು. ನಾನು ಅದರ ಬುಡದಲ್ಲಿ ನಿಂತು ಇಟ್ಟಿಗೆಯ ಅಂಚನ್ನು ನೋಡಿದೆ. ಕೈಬೆರಳಿನ ಗುರುತು ಇನ್ನೂ ಹಾಗೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಕಡಲ ಬದಿಗೆ ಬಂದೆವು. ಲಿಮಾ ಕಡಲ ಮಟ್ಟದಲ್ಲಿಲ್ಲ. ಊರು 70–80 ಮೀಟರ್ ಎತ್ತರದ ಕಡಿದಾದ ದರೆಯ ಮೇಲಿದೆ, ದರೆಯ ಕಾಲಬುಡದಲ್ಲಿ ಹೆದ್ದಾರಿ, ಅದರಾಚೆ ಪೆಸಿಫಿಕ್. ದರೆಯನ್ನು ಹತ್ತಿರದಿಂದ ನೋಡಿದರೆ ಬಂಡೆಯಿಲ್ಲ. ಆಂಡಿಸ್‌ನಿಂದ ಇಳಿಯುವ ರಿಮಾಕ್ ನದಿ ಯುಗಯುಗಗಳಿಂದ ತಂದು ಸುರಿದ ಉರುಟು ಕಲ್ಲುಗಳು ಮಣ್ಣಿನಲ್ಲಿ ಹುದುಗಿ ನಿಂತ ಗೋಡೆ ಅದು. ಕಲ್ಲು ಉದುರಿ ರಸ್ತೆಗೆ ಬೀಳದಿರಲೆಂದು ಅಲ್ಲಲ್ಲಿ ಬಲೆ ಹೊದೆಸಿದ್ದಾರೆ. ಕೆಳಗಿನ ದಂಡೆಯಲ್ಲೂ ಹೊಯಿಗೆಯಿಲ್ಲ, ಅದೇ ಉರುಟು ಕಲ್ಲುಗಳು. ತೆರೆ ಹಿಂದೆ ಸರಿಯುವಾಗ ಸಾವಿರಾರು ಕಲ್ಲುಗಳು ಒಟ್ಟಿಗೆ ಉರುಳುವ ಗರಗರ ಶಬ್ದ ಮೇಲಿನವರೆಗೂ ಕೇಳುತ್ತದೆ.

ದರೆಯ ಅಂಚಿನಲ್ಲಿ ಉದ್ದಕ್ಕೂ ಉದ್ಯಾನಗಳು. ಅವುಗಳಲ್ಲೊಂದಕ್ಕೆ ಆಂತೋನಿಯೊ ರೈಮಂಡಿಯ ಹೆಸರು. ಇಟಲಿಯಿಂದ 1850ರಲ್ಲಿ ಪೆರುವಿಗೆ ಬಂದು ವರ್ಷಗಟ್ಟಲೆ ಆ ದೇಶವನ್ನು ಸುತ್ತಿ, ಗಿಡ, ಕಲ್ಲು, ನದಿ ಎಲ್ಲವನ್ನೂ ಬರೆದಿಟ್ಟ ವಿಜ್ಞಾನಿ. ಅವನ ಹೆಸರಿನ ಉದ್ಯಾನದ ಹುಲ್ಲಿನ ಮೇಲೆ ಬಣ್ಣಬಣ್ಣದ ರೆಕ್ಕೆಗಳನ್ನು ಹಾಸಿಕೊಂಡು ಪ್ಯಾರಾಗ್ಲೈಡಿಂಗ್ ಪೈಲಟ್‌ಗಳು ಕೂತಿದ್ದರು. ಯಾರೂ ಹಾರುತ್ತಿರಲಿಲ್ಲ. ಕಂಬದ ತುದಿಯ ವಿಂಡ್‌ಸಾಕ್ ಜೋತುಬಿದ್ದಿತ್ತು.

"ಕಡಲ ಗಾಳಿ ಬರಲಿ ಅಂತ ಕಾಯ್ತಿದ್ದಾರೆ," ಎಂದ ತಂಗಿಯ ಮಗ, ಅವರೊಡನೆ ಸ್ಪ್ಯಾನಿಷ್‌ನಲ್ಲಿ ಮಾತಾಡಿ ಬಂದು. ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಗಾಳಿಗಾಗಿ ಕಾಯುವವರನ್ನು ನಾನು ಬಲ್ಲೆ. ಗಂಗೊಳ್ಳಿಯ ದಕ್ಕೆಯಲ್ಲಿ ದೋಣಿಯ ಮಗ್ಗುಲಿಗೆ ಕೂತು ಆಕಾಶ ನೋಡುವವರ ಮುಖವೂ ಹೀಗೇ ಇರುತ್ತದೆ, ಮಾತಿಲ್ಲ, ಅವಸರವಿಲ್ಲ. ಒಬ್ಬ ಹೆಂಗಸು ಚೀಲಗಳನ್ನು ತಲೆದಿಂಬು ಮಾಡಿ ಮಲಗಿದ್ದಳು. ಇನ್ನೊಬ್ಬ ಹುಡುಗ ರೆಕ್ಕೆಯ ದಾರಗಳನ್ನು ಒಂದೊಂದಾಗಿ ಬೆರಳಲ್ಲಿ ಎಳೆದು ಬಿಡಿಸುತ್ತಿದ್ದ. ದಾರ ಎಷ್ಟು ಸಣ್ಣದೆಂದರೆ, ಇದಕ್ಕೆ ಇಬ್ಬರು ತೂಗುತ್ತಾರೆಂದು ನಂಬಲು ಮುಟ್ಟಿ ನೋಡಬೇಕು. ಕೇಳಿ ಮುಟ್ಟಿದೆ. ನೇಯ್ದ ದಾರ, ಗಡುಸು, ತಂತಿಯ ಹಾಗೆ ಬಿಗಿ.

ಕಾಯುವಾಗಲೇ ನಾನು ಹಾರುವುದೆಂದು ತೀರ್ಮಾನಿಸಿದೆ. ತಂಗಿಗೆ ಸಿಟ್ಟು ಬಂತು. "ಅಕ್ಕಾ, ನಿಂಗೆ ಮರ್ಲಾ? ಈ ಪ್ರಾಯದಗೆ ಇದೆಲ್ಲ ಎಂತಕ್ಕೆ?" ಅವಳ ಮಗ ನಡುವೆ ಬಂದು, "ಅಮ್ಮ, ದೊಡ್ಡಮ್ಮನಿಗೆ ಬಿ.ಪಿ. ಇಲ್ಲ, ಮಂಡಿನೋವಿಲ್ಲ, ಓಡಬೇಕಾದ್ದು ನಾಲ್ಕು ಹೆಜ್ಜೆ," ಎಂದ. ಅವಳು ನನ್ನ ಕನ್ನಡಕಕ್ಕೆ ದಾರ ಕಟ್ಟಿಕೊಟ್ಟಳು. ಅದೇ ಒಪ್ಪಿಗೆ.

ಈ ಆಟಕ್ಕೆ ಬಹಳ ಹಳೆಯ ಚರಿತ್ರೆಯಿಲ್ಲ. ಬಟ್ಟೆಯ ಎರಡು ಪದರದ ನಡುವೆ ಕೋಣೆಗಳನ್ನು ಹೊಲಿದು, ಮುಂದಿನ ಬಾಯಿಂದ ಗಾಳಿ ಹೊಕ್ಕು ರೆಕ್ಕೆಯ ಆಕಾರ ತಾಳುವ ಪ್ಯಾರಾಶೂಟನ್ನು ದೊಮಿನಾ ಜಾಲ್ಬರ್ಟ್ ಎಂಬಾತ ಅಮೆರಿಕದಲ್ಲಿ ಮಾಡಿದ್ದು 1960ರ ದಶಕದಲ್ಲಿ. 1978ರಲ್ಲಿ ಫ್ರಾನ್ಸಿನ ಮಿಯೂಸಿ ಎಂಬ ಹಳ್ಳಿಯಲ್ಲಿ ಮೂವರು ಗೆಳೆಯರು, ಮೇಲಿಂದ ಜಿಗಿಯಲು ವಿಮಾನಕ್ಕೆ ದುಡ್ಡು ಕೊಡುವುದೇಕೆ, ಬೆಟ್ಟದ ಇಳಿಜಾರಿನಿಂದಲೇ ಓಡಿ ಹಾರೋಣ ಎಂದು ಅಂಥ ಪ್ಯಾರಾಶೂಟ್ ಹಿಡಿದು ಓಡಿದರು. ಇಂದಿನ ಪ್ಯಾರಾಗ್ಲೈಡಿಂಗ್ ಅಲ್ಲಿಂದ ಬೆಳೆಯಿತು. ಎಂಜಿನ್ ಇಲ್ಲ, ಕೋಲು-ಕಡ್ಡಿಯ ಚೌಕಟ್ಟಿಲ್ಲ. ಇಡೀ ವಿಮಾನ ಬೆನ್ನುಚೀಲದೊಳಗೆ ಹಿಡಿಸುತ್ತದೆ. ರೆಕ್ಕೆಗೆ ಆಕಾರ ಕೊಡುವುದೂ ಗಾಳಿ, ಅದನ್ನು ಹೊರುವುದೂ ಗಾಳಿ.

ವಿಂಡ್‌ಸಾಕ್ ಮೆಲ್ಲಗೆ ಎದ್ದಿತು. ಮಲಗಿದ್ದ ಹೆಂಗಸು ಎದ್ದು ಕೂತಳು. ಐದು ನಿಮಿಷದೊಳಗೆ ಇಡೀ ಉದ್ಯಾನಕ್ಕೆ ಜೀವ ಬಂತು.

ನನ್ನ ಪಾಲಿಗೆ ಬಂದ ಪೈಲಟ್ ನಲವತ್ತು ದಾಟಿದ, ಬಿಸಿಲಿಗೆ ಮುಖ ಕಪ್ಪಾದ, ಮಾತು ಕಡಿಮೆಯ ಮನುಷ್ಯ. ತೊಡೆಗೆ ಒಂದೊಂದು, ಎದೆಗೆ ಒಂದು ಪಟ್ಟಿ ಬಿಗಿದು, ಬಕಲ್ ಕಟಕ್ಕೆಂದ ಮೇಲೂ ಬೆರಳು ತೂರಿಸಿ ಎಳೆದು ನೋಡಿದ. ಹೆಲ್ಮೆಟ್ಟಿನ ಪಟ್ಟಿ ನೋಡಿದ. ನನ್ನನ್ನು ತನ್ನ ಮುಂದೆ ನಿಲ್ಲಿಸಿ, ಇಬ್ಬರ ಹಾರ್ನೆಸ್ಸನ್ನೂ ರೆಕ್ಕೆಗೆ ಜೋಡಿಸುವ ಉಕ್ಕಿನ ಕೊಂಡಿಗಳನ್ನು ತಿರುಗಿಸಿ ಬೀಗ ಹಾಕಿದ. ಆಮೇಲೆ ಮೊದಲಿನಿಂದ ಎಲ್ಲವನ್ನೂ ಇನ್ನೊಮ್ಮೆ ಅದೇ ಕ್ರಮದಲ್ಲಿ ಮುಟ್ಟಿದ. ಕೆಲಸ ಬಲ್ಲವರು ಹೀಗೆ ಎರಡನೇ ಸಲ ಮುಟ್ಟುವುದನ್ನು ನೋಡಿದಾಗ ನನಗೆ ಧೈರ್ಯ ಬರುತ್ತದೆ. ಹಾರ್ನೆಸ್ಸಿನಲ್ಲಿ ಇನ್ನೊಂದು ಪ್ಯಾರಾಶೂಟ್ ಮಡಚಿಟ್ಟಿರುವುದನ್ನು ತೋರಿಸಿ ತಲೆಯಾಡಿಸಿದ. "ಸೆನ್ಯೋರಾ, ನಾನು ನಡೆಯಿರಿ ಅಂದಾಗ ನಡೆಯಿರಿ. ಕೂರಬೇಡಿ. ನಾನು ಹೇಳಿದ ಮೇಲೆ ಕೂರಿ," ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿ, ನನ್ನಿಂದ ಅದನ್ನು ತಿರುಗಿ ಹೇಳಿಸಿದ. ಟೀಚರ್ ಆಗಿದ್ದವಳಿಗೆ ಆ ಕ್ರಮ ಬಹಳ ಹಿಡಿಸಿತು.

ರೆಕ್ಕೆ ಹಿಂದಿನಿಂದ ಎದ್ದು ತಲೆಯ ಮೇಲೆ ಬಂದಾಗ ದೊಡ್ಡ ಪಟದ ಶಬ್ದ. ಭುಜಗಳು ಹಿಂದಕ್ಕೆ ಜಗ್ಗಿದವು. "ನಡೆಯಿರಿ." ಒಂದು ಹೆಜ್ಜೆ, ಎರಡು. ಮೂರನೆಯ ಹೆಜ್ಜೆಗೆ ಹುಲ್ಲು ಸಿಗಲಿಲ್ಲ.

ಬೀಳುತ್ತೇನೆಂದು ಮೈ ಕಾಯುತ್ತಿತ್ತು. ಬೀಳಲಿಲ್ಲ, ಏರಿದೆವು. ದರೆಯ ಅಂಚನ್ನು ದಾಟುವಾಗ ಕೆಳಗಿನಿಂದ ಯಾರೋ ಅಂಗೈ ಕೊಟ್ಟು ಎತ್ತಿದ ಹಾಗೆ ತೊಡೆಯ ಪಟ್ಟಿ ಬಿಗಿಯಾಯಿತು. ಕಾಲಡಿಯ ರಸ್ತೆ, ಕಾರುಗಳು, ದಂಡೆ, ಬಿಳಿ ನೊರೆ ಎಲ್ಲ ಸಣ್ಣದಾಗುತ್ತಾ ಹೋದವು. ಪೈಲಟ್ ನನ್ನ ಬೆನ್ನ ಹಿಂದಿನಿಂದ, "ಈಗ ಕೂರಿ," ಎಂದ. ಕೂತೆ. ಕುರ್ಚಿಯಲ್ಲಿ ಕೂತ ಹಾಗೆ, ಎದುರಿಗೆ ಪೆಸಿಫಿಕ್.

ಹೆದರಿಕೆ ಇತ್ತು, ಆದರೆ ಅದಕ್ಕಿಂತ ಮುಂದಾಗಿ ಮನಸ್ಸನ್ನು ಹಿಡಿದದ್ದು ಆ ಎತ್ತುವಿಕೆ. ಕಡಲಿನಿಂದ ಬಂದ ಗಾಳಿಗೆ ದರೆ ಅಡ್ಡ ನಿಲ್ಲುತ್ತದೆ. ಮುಂದೆ ಹೋಗಲು ದಾರಿಯಿಲ್ಲದ ಗಾಳಿ ಮೇಲಕ್ಕೆ ತಿರುಗುತ್ತದೆ. ಪ್ಯಾರಾಗ್ಲೈಡರ್ ಸುಮ್ಮನಿದ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ಇಳಿಯುತ್ತದೆ. ದರೆಯ ಎದುರಿನ ಗಾಳಿ ಅದಕ್ಕಿಂತ ಬೇಗ ಏರುತ್ತಿದ್ದರೆ ಹಾರುವವರೂ ಅದರೊಡನೆ ಏರುತ್ತಾರೆ. ಏರುಗಾಳಿ ದರೆಯ ಉದ್ದಕ್ಕೂ ಒಂದು ಪಟ್ಟಿಯಷ್ಟು ಜಾಗದಲ್ಲಿ ಮಾತ್ರ. ಕಡಲಿನ ಕಡೆ ಹೆಚ್ಚು ದೂರ ಹೋದರೆ ಅದು ಸಿಗುವುದಿಲ್ಲ, ಊರಿನ ಕಡೆ ಹೋದರೆ ಕಟ್ಟಡಗಳ ಹಿಂದೆ ಸುಳಿಗಾಳಿ. ಹಾಗಾಗಿ ಎಲ್ಲರೂ ಆ ಪಟ್ಟಿಯಲ್ಲೇ ಆಚೆ ಹೋಗಿ ಈಚೆ ಬರುವುದು, ತಿರುಗುವಾಗ ಯಾವಾಗಲೂ ಕಡಲಿಗೆ ಮುಖ ಮಾಡಿಯೇ ತಿರುಗುವುದು.

ಪರ್ವತ ಮಳೆ ಎಂದರೆ ಏನು? ತೇವ ತುಂಬಿದ ಮಾರುತಗಳಿಗೆ ಬೆಟ್ಟ ಅಡ್ಡ ಬಂದಾಗ ಅವು ಮೇಲೇರಿ, ತಣಿದು, ಮಳೆ ಸುರಿಸುತ್ತವೆ. ಈ ವಾಕ್ಯವನ್ನು ನಾನು ಎಷ್ಟು ತಂಡ ಮಕ್ಕಳಿಂದ ಹೇಳಿಸಿದ್ದೇನೆ! ಮುಂಗಾರು ಅರಬ್ಬಿ ಕಡಲಿನಿಂದ ಬಂದು ನಮ್ಮ ಗದ್ದೆ ತೋಟ ದಾಟಿ ಘಟ್ಟಕ್ಕೆ ಮುಖ ಕೊಡುತ್ತದೆ. ಆಗುಂಬೆಯ ದರೆ, ಹುಲಿಕಲ್ಲು, ಕೊಡಚಾದ್ರಿ ಗೋಡೆಯಾಗಿ ನಿಲ್ಲುತ್ತವೆ. ಗಾಳಿಗೆ ಮೇಲೇರುವುದೊಂದೇ ದಾರಿ. ಹಾಗೆ ಏರಿದ್ದಕ್ಕೇ ಆಗುಂಬೆಗೆ 7,000 ಮಿಲಿಮೀಟರಿಗೂ ಮೀರಿ ಮಳೆ, ಹಾಗೆ ಏರಿದ್ದಕ್ಕೇ ಸೌಪರ್ಣಿಕಾ, ವಾರಾಹಿ, ಸೀತಾ. ಆ ಏರಿಕೆಯನ್ನು ನಾನು ಬಾಣದ ಗುರುತಿನಿಂದ ಬೋರ್ಡಿನ ಮೇಲೆ ತೋರಿಸಿದ್ದೆ. ಲಿಮಾದ ದರೆಯ ಮೇಲೆ ಅದೇ ಬಾಣದೊಳಗೆ ನಾನು ಕೂತಿದ್ದೆ. ನನ್ನ ತೂಕ, ಪೈಲಟ್ಟಿನ ತೂಕ, ರೆಕ್ಕೆ, ಹಾರ್ನೆಸ್ ಎಲ್ಲ ಸೇರಿ ಒಂದೂವರೆ ಕ್ವಿಂಟಲ್ ಮೀರಿದ ಭಾರವನ್ನು ಗಾಳಿ ಎತ್ತಿ ಹಿಡಿದಿತ್ತು. ಘಟ್ಟದ ಬುಡದಲ್ಲಿ ಪ್ರತಿ ಜೂನ್ ತಿಂಗಳು ಕಡಲಿನಷ್ಟು ನೀರನ್ನು ಎತ್ತುವ ಶಕ್ತಿ ಎಂಥದೆಂದು ತೊಡೆಯ ಪಟ್ಟಿಯ ಬಿಗಿತದಲ್ಲಿ ನನಗೆ ಅರ್ಥವಾಯಿತು. ಸಂತೋಷದಿಂದ ಕಣ್ಣು ತುಂಬಿತು. ಗಾಳಿಗೆ ಎಂದು ಪೈಲಟ್ ಅಂದುಕೊಂಡಿರಬೇಕು.

ಹಾಗಾದರೆ ಲಿಮಾದಲ್ಲಿ ಇಷ್ಟು ಏರಿದ ಗಾಳಿ ಮಳೆಯಾಗುವುದಿಲ್ಲವೇಕೆ? ಉತ್ತರ ನನ್ನ ತಲೆಯ ಮೇಲೇ ಇತ್ತು. ಕೈಚಾಚಿದರೆ ಸಿಗುವಷ್ಟು ಕೆಳಗೆ ಕಾಣುವ, ಸಪಾಟಾದ ಬೂದು ಮೋಡ. ತಣ್ಣೀರಿನ ಮೇಲಿನ ತಣ್ಣನೆ ಗಾಳಿಗೆ ಅದರ ಮೇಲಿರುವ ಬಿಸಿ ಒಣಗಾಳಿ ಮುಚ್ಚಳ ಹಾಕಿಬಿಡುತ್ತದೆ. ಒಂದು ಸಾವಿರ ಮೀಟರಿನ ಆಸುಪಾಸಿನಲ್ಲೇ ಏರಿಕೆ ನಿಂತುಹೋಗುತ್ತದೆ. ಆಮೇಲೆ ಉಳಿಯುವುದು ಮಂಜು, ಚಳಿಗಾಲದಲ್ಲಿ ಮುಖಕ್ಕೆ ಅಂಟುವ ತುಂತುರು. ಊರಾಚೆಯ ಒಣಗುಡ್ಡಗಳ ಮೇಲೆ ಬಡವರು ಬಲೆ ಕಟ್ಟಿ ಆ ಮಂಜಿನಿಂದ ಹನಿ ಹನಿ ನೀರು ಹಿಡಿಯುತ್ತಾರೆ. ಕೋಟಿ ಜನರ ಊರು ಬದುಕುವುದು ಮುಖ್ಯವಾಗಿ ಆಂಡಿಸ್‌ನಿಂದ ಇಳಿಯುವ ರಿಮಾಕ್ ನೀರಿನಿಂದ. ಮಕ್ಕಳ ಹಳೆಯ ಪ್ರಶ್ನೆಗೆ ಉತ್ತರವಾಗಿ ಇಡೀ ಊರು ಕಾಲಡಿಯಲ್ಲಿ ಹರಡಿಕೊಂಡಿತ್ತು. ಚಪ್ಪಟೆ ಮಾಡುಗಳ ಮೇಲೆ ನೀರಿನ ಟ್ಯಾಂಕುಗಳು, ಒಣಗಲು ಹಾಕಿದ ಬಟ್ಟೆ, ಪೈಪಿನ ನೀರು ಕುಡಿದು ಹಸುರಾದ ಉದ್ಯಾನದ ಪಟ್ಟಿ, ಆ ಪಟ್ಟಿ ಮುಗಿದ ಕಡೆ ಬೋಳು ಮಣ್ಣು.

ಎಡಕ್ಕೆ ತಿರುಗಿ ಆಗ್ನೇಯಕ್ಕೆ ಹೊರಟೆವು. ಪ್ರೇಮಿಗಳ ಉದ್ಯಾನದ ಮೇಲೆ ಹಾದಾಗ, ಅಪ್ಪಿ ಮುತ್ತಿಡುವ ಜೋಡಿಯ ದೊಡ್ಡ ಶಿಲ್ಪ ಕೆಳಗೆ ಕಂಡಿತು. ವಿಕ್ತೋರ್ ದೆಲ್ಫಿನ್ ಎಂಬ ಕಲಾವಿದ ಮಾಡಿದ್ದು, 1993ರ ಪ್ರೇಮಿಗಳ ದಿನದಂದು ಅನಾವರಣಗೊಂಡದ್ದು. ಸುತ್ತಲಿನ ಅಂಕುಡೊಂಕು ಕಟ್ಟೆಯ ಬಣ್ಣದ ಚೂರುಗಳು ಮೇಲಿನಿಂದಲೂ ಮಿನುಗುತ್ತಿದ್ದವು. ಆಮೇಲೆ ದರೆಯನ್ನೇ ಕೊರೆದು ಕಟ್ಟಿದ ಲಾರ್ಕೊಮಾರ್ ಮಳಿಗೆಗಳು. ಅಲ್ಲಿ ಕಾಫಿ ಕುಡಿಯುತ್ತಿದ್ದವರು ಕೈಬೀಸಿದರು, ನಾನೂ ಬೀಸಿದೆ. ದೂರದಲ್ಲಿ ಮೊರೊ ಸೋಲಾರ್ ಗುಡ್ಡ. ಹಿಂದೆ ತಿರುಗಿದರೆ ನೀಲಿ ಬಿಳಿ ಪಟ್ಟೆಯ ದೀಪಸ್ತಂಭ, ಅದರಾಚೆ ಮಸುಕಿನಲ್ಲಿ ಸಾನ್ ಲೊರೆನ್ಸೊ ದ್ವೀಪ.

ಎದುರಿನಿಂದ ಕೆಂಪು ರೆಕ್ಕೆಯೊಂದು ಬಂತು. ನಮ್ಮ ಪೈಲಟ್ ತಕ್ಷಣ ಕಡಲಿನ ಕಡೆ ಸರಿದು ಅದಕ್ಕೆ ದಾರಿ ಕೊಟ್ಟ. ಇಳಿದ ಮೇಲೆ ಕೇಳಿದಾಗ ಹೇಳಿದ: ದರೆ ಯಾರ ಬಲಗಡೆಗಿದೆಯೋ ಅವರಿಗೆ ಮೊದಲ ಹಕ್ಕು, ಅವರಿಗೆ ಬಲಕ್ಕೆ ಸರಿಯಲು ಜಾಗವಿಲ್ಲವಲ್ಲ. ಇದು ಲಿಮಾದ್ದೊಂದೇ ಅಲ್ಲ, ದರೆಯ ಮೇಲೆ ಹಾರುವ ಎಲ್ಲ ಕಡೆಯ ನಿಯಮ. ಗುಡ್ಡಕ್ಕೆ ಒತ್ತಿಕೊಂಡವರಿಗೆ ಬಯಲಿನಲ್ಲಿರುವವರು ದಾರಿ ಬಿಡಬೇಕು. ಇಷ್ಟು ನ್ಯಾಯವಾದ ನಿಯಮವನ್ನು ನಾನು ನೆಲದ ರಸ್ತೆಯಲ್ಲಿ ಕಂಡಿಲ್ಲ.

ಆಮೇಲೆ ಪೆಲಿಕನ್‌ಗಳು ಬಂದವು. ಸಾಲಾಗಿ ಐದಾರು, ನಮಗಿಂತ ಸ್ವಲ್ಪ ಕೆಳಗೆ, ರೆಕ್ಕೆ ಒಮ್ಮೆಯೂ ಬಡಿಯದೆ, ಅದೇ ಏರುಗಾಳಿಯಲ್ಲಿ ಜಾರುತ್ತಿದ್ದವು. ಮೇಲಿನಿಂದ ಪೆಲಿಕನ್ ಬೆನ್ನನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಬೂದು ಗರಿಗಳ ಅಂಚಿಗೆ ಬೆಳ್ಳಿಯ ಗೆರೆ, ರೆಕ್ಕೆಯ ತುದಿಯ ಗರಿಗಳು ಬೆರಳುಗಳಂತೆ ಬಿಡಿಬಿಡಿಯಾಗಿ ತೆರೆದು, ಒಂದೊಂದೂ ಬೇರೆಬೇರೆಯಾಗಿ ಗಾಳಿಗೆ ಬಾಗುತ್ತಿತ್ತು. ಮುಂದಿನ ಹಕ್ಕಿ ಒಂದು ಕಡೆ ಎದ್ದರೆ, ಅದೇ ಜಾಗಕ್ಕೆ ಬಂದಾಗ ಹಿಂದಿನದೂ ಏಳುತ್ತಿತ್ತು. ಪೈಲಟ್ ಅವುಗಳನ್ನೇ ನೋಡುತ್ತಿದ್ದ. ಅವು ಎದ್ದ ಕಡೆಗೆ ರೆಕ್ಕೆಯನ್ನು ಓರೆ ಮಾಡಿದ. ನಮ್ಮ ತೊಡೆಯ ಪಟ್ಟಿಯೂ ಬಿಗಿಯಾಯಿತು.

ಇವೆಲ್ಲ ಆ ತಣ್ಣೀರಿನ ಮಕ್ಕಳು. ಕರಾವಳಿಗುಂಟ ಬೀಸುವ ತೆಂಕಣ ಗಾಳಿ ಮೇಲ್ನೀರನ್ನು ತಳ್ಳಿದಾಗ ಆಳದ ತಣ್ಣೀರು ಸತ್ವ ಹೊತ್ತು ಮೇಲೆ ಬರುತ್ತದೆ. ಅದರಲ್ಲಿ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಅವನ್ನು ತಿಂದು ಆಂಚೊವೆತಾ ಎಂಬ ಬೆರಳುದ್ದದ ಮೀನು ರಾಶಿ ರಾಶಿಯಾಗಿ ಬೆಳೆಯುತ್ತದೆ. ಒಂದೇ ಜಾತಿಯ ಮೀನನ್ನು ಪ್ರಪಂಚದಲ್ಲಿ ಅತಿ ಹೆಚ್ಚು ಹಿಡಿಯುವುದು ಅಲ್ಲೇ. ಬಹುಪಾಲು ಒಣಗಿಸಿ ಪುಡಿ ಮಾಡಿ ಪಶು-ಕೋಳಿ-ಸಾಕುಮೀನುಗಳ ಆಹಾರಕ್ಕೆ ಕಳಿಸುತ್ತಾರೆ. ನಮ್ಮ ಬೂತಾಯಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುವ ಹಾಗೇ. 1802ರಲ್ಲಿ ಅಲೆಕ್ಸಾಂಡರ್ ಹಂಬೋಲ್ಟ್ ಇದೇ ಕರಾವಳಿಯ ನೀರಿಗೆ ಥರ್ಮಾಮೀಟರ್ ಇಳಿಸಿ, ಉಷ್ಣವಲಯದಲ್ಲಿ ಇಷ್ಟು ತಂಪೇ ಎಂದು ಅಚ್ಚರಿಪಟ್ಟಿದ್ದ. ಮೀನುಗಾರರಿಗೆ ಅದು ಶತಮಾನಗಳಿಂದ ಗೊತ್ತಿದ್ದ ವಿಷಯ.

ಇಳಿದದ್ದು ಹಾರಿದ ಹುಲ್ಲಿನ ಮೇಲೇ. ಗಾಳಿ ಸಾಲದಿದ್ದರೆ ಕೆಳಗಿನ ದಂಡೆಗೆ ಇಳಿಯಬೇಕಾಗುತ್ತದಂತೆ. ನಮಗೆ ಸಾಕಷ್ಟಿತ್ತು. ಕಾಲು ಮುಂದೆ ಚಾಚಿ ಎಂದ, ಚಾಚಿದೆ, ಎರಡು ಹೆಜ್ಜೆ ಓಡಿ ನಿಂತೆವು. ರೆಕ್ಕೆ ನಿಟ್ಟುಸಿರು ಬಿಟ್ಟು ಹಿಂದೆ ಮಲಗಿತು. ತಂಗಿ ಓಡಿ ಬಂದು ನನ್ನ ಕೆನ್ನೆ ಮುಟ್ಟಿ ನೋಡಿದಳು. "ಕೈ ಕಾಲೆಲ್ಲ ತಣ್ಣಗಾಯ್ತಲ್ದಾ ಅಕ್ಕಾ."

ಪೈಲಟ್ ದಾರಗಳನ್ನು ಸುತ್ತುತ್ತಾ ಇದ್ದ. ತಂಗಿಯ ಮಗನ ಮೂಲಕ ನಾನು ಗಾಳಿಯ ಬಗ್ಗೆ ಕೇಳಿದೆ. ಈ ವರ್ಷ ಸರಿಯಿಲ್ಲ ಎಂದ. ಕಡಲು ಬೆಚ್ಚಗಿದೆ. ಮೇ ತಿಂಗಳಲ್ಲಿ ಜಾಕೆಟ್ ಬೇಕಿತ್ತು, ಬೇಕಾಗಿಲ್ಲ. ಮಾರ್ಚಿನಲ್ಲಿ ಯಾಕು ಎಂಬ ಚಂಡಮಾರುತ ಬಂದು ಉತ್ತರದ ಊರುಗಳಲ್ಲಿ ನೆರೆ ಎದ್ದಿತ್ತು. 2017ರಲ್ಲೂ ಹೀಗೇ ನೀರು ಬಿಸಿಯಾಗಿ, ಬೆಟ್ಟದಿಂದ ಕೆಸರು ಇಳಿದು, ಲಿಮಾದ ನಲ್ಲಿಗಳಲ್ಲಿ ದಿನಗಟ್ಟಲೆ ನೀರಿರಲಿಲ್ಲ. ಅವನು ಕಡಲಿನ ಕಡೆ ಗಲ್ಲ ಎತ್ತಿ ತೋರಿಸಿ ಒಂದೇ ಪದ ಹೇಳಿದ. ಅದಕ್ಕೆ ದುಭಾಷಿ ಬೇಕಿರಲಿಲ್ಲ. ಎಲ್ ನಿನ್ಯೋ.

ಪೆರುವಿನ ಮೀನುಗಾರರು ಕ್ರಿಸ್‌ಮಸ್ ಹೊತ್ತಿಗೆ ಬರುವ ಬಿಸಿನೀರಿಗೆ ಬಾಲಯೇಸುವಿನ ಹೆಸರಿಟ್ಟರು. ಆ ಬಿಸಿನೀರಿಗೂ ನಮ್ಮ ಮಳೆಗೂ ಸಂಬಂಧವಿದೆಯೆಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅದರ ಎಳೆ ಸಿಕ್ಕಿದ್ದು ಭಾರತದಲ್ಲಿ. 1904ರಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್‌ಗೆ ಒಂದೇ ಚಿಂತೆ. ಹಿಂದಿನ ದಶಕದ ಘೋರ ಕ್ಷಾಮಗಳ ನೆನಪು ಹಸಿಯಾಗಿದ್ದ ದೇಶದಲ್ಲಿ ಮುಂಗಾರು ಕೈಕೊಡುವುದನ್ನು ಮೊದಲೇ ಹೇಳಬಹುದೇ? ಭಾರತೀಯ ಗುಮಾಸ್ತರ ತಂಡ ಪ್ರಪಂಚದ ನಾನಾ ಕಡೆಯ ವಾಯುಭಾರದ ಅಂಕಿಗಳನ್ನು ಕೈಯಲ್ಲೇ ಲೆಕ್ಕ ಹಾಕಿತು. ಪೆಸಿಫಿಕ್ಕಿನಲ್ಲಿ ವಾಯುಭಾರ ಏರಿದರೆ ಹಿಂದೂ ಮಹಾಸಾಗರದಲ್ಲಿ ಇಳಿಯುತ್ತದೆ, ಅದು ಇಳಿದರೆ ಇದು ಏರುತ್ತದೆ ಎಂಬುದು ಹಾಗೆ ಕಂಡಿತು. ಅದಕ್ಕೂ ಪೆರುವಿನ ಬಿಸಿನೀರಿಗೂ ಇರುವ ನಂಟನ್ನು ಜೇಕಬ್ ಬರ್ಕ್ನೆಸ್ ಬಿಡಿಸಿ ಹೇಳಿದ್ದು 1969ರಲ್ಲಿ. ವಾಕರ್ ತೀರಿಕೊಂಡು ಹತ್ತು ವರ್ಷ ಕಳೆದಿತ್ತು.

ನನ್ನನ್ನು ಎತ್ತಿದ ಗಾಳಿ ಆ ಮಧ್ಯಾಹ್ನದ ಕಡಲ ಗಾಳಿ, ದರೆಯ ಬಳಿ ಹುಟ್ಟಿ ಸಂಜೆಗೆ ಮುಗಿಯುವಂಥದ್ದು. ಪೆಸಿಫಿಕ್ಕನ್ನು ಅಡ್ಡ ದಾಟುವ ವಾಣಿಜ್ಯ ಮಾರುತ ಬೇರೆ, ಇದು ಬೇರೆ. ಆದರೆ ಎರಡರ ಕೆಳಗೂ ಇರುವುದು ಅದೇ ನೀರು.

ಆ ರಾತ್ರಿ, ಊರಿನಲ್ಲಿ ಗದ್ದೆ ನೋಡಿಕೊಳ್ಳುವ ಅಣ್ಣನಿಗೆ ಫೋನ್ ಮಾಡಿದೆ. ನಮ್ಮೂರಲ್ಲಿ ಬೆಳಗು. ಪತ್ತನಾಜೆ ಕಳೆದಿತ್ತು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ್ದವು. "ಮಳೆ ಬಂತಾ ಅಣ್ಣ?" "ಇಲ್ಲೆ ಮಾರಾಯ್ತಿ, ಬರೀ ಸೆಕೆ. ಬಾವಿ ತಳ ಕಂಡಿತ್ತು." ಹಾರಿದ ಸುದ್ದಿ ಹೇಳಿದೆ. ಕಡಲು ಬೆಚ್ಚಗಿರುವ ಸುದ್ದಿಯನ್ನೂ ಹೇಳಿದೆ. ಅವನು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿದ. "ಎಷ್ಟು ಬೆಚ್ಚಗೆ?"

ಜೂನ್ 8ರಂದು ಮುಂಗಾರು ಕೇರಳ ಮುಟ್ಟಿತೆಂದು ಹವಾಮಾನ ಇಲಾಖೆ ಹೇಳಿತು, ವಾಡಿಕೆಗಿಂತ ಒಂದು ವಾರ ತಡ. ಅದೇ ದಿನ ಅಮೆರಿಕದ ವಿಜ್ಞಾನಿಗಳು ಎಲ್ ನಿನ್ಯೋ ಶುರುವಾಗಿದೆಯೆಂದು ಪ್ರಕಟಿಸಿದರು. ಪೆರು ಸರ್ಕಾರ ಆ ಸಲದ ಮೊದಲ ಆಂಚೊವೆತಾ ಹಂಗಾಮನ್ನೇ ಕೈಬಿಟ್ಟಿತು. ಬಲೆಗೆ ಬರುತ್ತಿದ್ದುದರಲ್ಲಿ ಬಹುಪಾಲು ಮರಿಗಳೇ. ನಮ್ಮಲ್ಲಿ ಜುಲೈ ಒಮ್ಮೆ ಭೋರ್ಗರೆಯಿತು, ಗದ್ದೆ ತುಂಬಿತು. ಆಮೇಲೆ ಆಗಸ್ಟ್. ದೇಶದಲ್ಲಿ 1901ರಿಂದೀಚೆಗಿನ ದಾಖಲೆಯಲ್ಲಿ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಆಟಿಯ ಮಳೆಯಲ್ಲಿ ತೋಯಬೇಕಾದ ನೇಜಿ ಬಿಸಿಲಿಗೆ ತುದಿ ಸುಟ್ಟುಕೊಂಡಿತು. ಅಣ್ಣ ಬೈಲಿನ ಗದ್ದೆಗೆ ಪಂಪ್ ಇಟ್ಟ, ಬೆಟ್ಟಿನ ಗದ್ದೆ ಕೈಬಿಟ್ಟ. ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ 195 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು, ಮುಂದೆ ಆ ಸಂಖ್ಯೆ ಇನ್ನೂ ಏರಿತು.

ಎಲ್ ನಿನ್ಯೋ ಬಂದ ವರ್ಷವೆಲ್ಲ ಮಳೆ ಹೋಗುತ್ತದೆಂದು ಹೇಳಲಾಗದು. 1997ರಲ್ಲಿ ಶತಮಾನದ ಅತಿ ಬಲವಾದವುಗಳಲ್ಲೊಂದು ಬಂದಿತ್ತು, ಆದರೂ ನಮ್ಮ ಮುಂಗಾರು ಸರಿಯಾಗಿಯೇ ಆಯಿತು. ಹಿಂದೂ ಮಹಾಸಾಗರಕ್ಕೂ ತನ್ನದೇ ಬಿಸಿ ತಂಪಿನ ಲೆಕ್ಕವಿದೆ. ಇದನ್ನು ಅಣ್ಣನಿಗೆ ಬಿಡಿಸಿ ಹೇಳುತ್ತೇನೆ, ಅವನು ಕೇಳುತ್ತಾನೆ. ಆದರೂ ಏಪ್ರಿಲ್ ಬಂದರೆ ವಾರಕ್ಕೊಮ್ಮೆ ಫೋನ್ ಬರುತ್ತದೆ. ಬೆಟ್ಟಿನ ಗದ್ದೆಗೂ ಬೀಜ ತರುವುದೋ ಬೇಡವೋ ಎಂಬುದು ಅವನ ಪ್ರಶ್ನೆ.

"ನೀ ಹಾರಿದ್ದೆ ಅಲ್ದಾ, ಆ ಕಡಲು ಈ ವಾರ ಹ್ಯಾಂಗಿತ್ತು?"

ಸೋಮವಾರ ಹೊಸ ಅಂಕಿ ಬರುತ್ತದೆ. ನಾನು ಕಂಪ್ಯೂಟರ್ ತೆರೆದು ನೋಡಿ ಹೇಳುತ್ತೇನೆ. 2024ರ ಜೂನ್ ಹೊತ್ತಿಗೆ ನೀರು ತಣಿದಿತ್ತು. ಅಣ್ಣ ಎರಡೂ ಗದ್ದೆಗೆ ಎಂಒ-4 ಭತ್ತದ ಬೀಜ ತಂದ.